ಎಡಗೈ

"ಅರ್ಜಿ ಹಾಕಿದವರು ಸ್ವಲ್ಪ ಹೊರಗಿರಬೇಕು," ಎಂದ ಊರಿನ ಅಧ್ಯಕ್ಷ. ಶಾಲೆಯ ವ್ಯಾಯಾಮದ ಹಾಲಿನಲ್ಲಿ ಕೂತಿದ್ದ ಎಂಬತ್ತು ಮಂದಿಯೂ ತಿರುಗಿ ನೋಡಿದರು. ಮೆವ್ಲಿದಾ ಕ್ಸೇವರ್ ತಾತನ ಗಾಲಿಕುರ್ಚಿಗೆ ಬ್ರೇಕ್ ಹಾಕಿ, ತೊಡೆಯ ಮೇಲಿನ ಕಂಬಳಿ ಸರಿಮಾಡಿ ಎದ್ದಳು.

"ಹಂಗೇ ಓಡಿಹೋಗ್ಬೇಡ ಹುಡುಗಿ. ನನ್ನ ವಾಪಸ್ ತಳ್ಕೊಂಡು ಹೋಗೋರು ಯಾರು?" ಮುದುಕ ನಕ್ಕ.

ಹೊರಗಿನ ಕಾರಿಡಾರಿನಲ್ಲಿ ಮಕ್ಕಳ ಬೂಟುಗಳ ವಾಸನೆ. ಗಾಜಿನ ಬಾಗಿಲಾಚೆ ಎಲ್ಲವೂ ಕಾಣುತ್ತಿತ್ತು. ಬೋಸ್ನಿಯಾ ಬಿಟ್ಟು ಈ ಸ್ವಿಸ್ ಹಳ್ಳಿಗೆ ಬಂದು ಇಪ್ಪತ್ತೆರಡು ವರ್ಷ. ಇವತ್ತು ಊರಿನವರು ಕೈ ಎತ್ತಿ ಪೌರತ್ವದ ಅರ್ಜಿ ಒಪ್ಪಿದರೆ ಅವಳು ಇಲ್ಲಿಯವಳು. ಕೆಲಸ ಹೋದರೂ ಯಾರೂ ಗಡಿ ದಾಟಿಸಲಾರರು.

ತಾತನ ಬಲಗೈ ಪ್ರಾಯದಲ್ಲೇ ಮರ ಕೊಯ್ಯುವ ಮಿಲ್ಲಿನ ಗರಗಸಕ್ಕೆ ಹೋಗಿತ್ತು. ಉಳಿದ ಎಡಗೈಗೆ ಮೂರು ವರ್ಷದ ಹಿಂದೆ ಲಕ್ವ ಹೊಡೆಯಿತು. ಅಂದಿನಿಂದ ಅವನನ್ನು ನೋಡಿಕೊಳ್ಳುವ ಕೆಲಸಕ್ಕಿದ್ದ ಮೆವ್ಲಿದಾ ದಿನಾ ಬೆಳಿಗ್ಗೆ ಅದನ್ನು ಹಿಡಿದು ಎತ್ತಿಸುತ್ತಿದ್ದಳು. "ಇನ್ನೊಂದು ಚೂರು ತಾತ, ಗಲ್ಲದ ತನಕ."

ನೋವಿಗೆ ಆತ ಅವಳನ್ನು ಕೆಣಕುತ್ತಿದ್ದ. "ನಿಮ್ಮಲ್ಲಿ ಕೈ ಎತ್ತೋದು ಸಲೀಸು. ಕಮ್ಯುನಿಸ್ಟ್ ಪಕ್ಷದೋನು ಕೆಮ್ಮಿದ್ರೆ ಸಾಕು, ಎಲ್ಲಾರೂ ಕುರಿ ಥರ ಎತ್ತೋರು."

"ಹೌದು. ನಮ್ಮಪ್ಪ ಕಾರ್ಖಾನೆ ಸಭೇಲಿ ಮೂವತ್ತು ವರ್ಷ ಎತ್ತಿದ. ಯಾತಕ್ಕೆ ಅಂತ ಒಂದಿನಾನೂ ಕೇಳಲಿಲ್ಲ."

"ಇಲ್ಲಿ ಹಂಗಲ್ಲ ಕಣೇ. ಒಬ್ಬೊಬ್ಬನೂ ತಾನೇ ಯೋಚನೆ ಮಾಡಿ ಎತ್ತೋದು. ಯಾರ ಭಯಾನೂ ಇಲ್ಲ."

ಒಳಗೆ ಅಧ್ಯಕ್ಷ ಮೊದಲು ಒಪ್ಪುವವರನ್ನು ಕೇಳಿದ. ಅಲ್ಲೊಂದು ಇಲ್ಲೊಂದು ಕೈ ಎದ್ದಿತು: ಬೇಕರಿಯವಳು, ಪಾದ್ರಿ, ಮೇಷ್ಟ್ರು. ತಾತನ ಕೈ ಕಂಬಳಿಯ ಮೇಲೇ ಇತ್ತು. ಎತ್ತಲು ಆಗುತ್ತಿಲ್ಲವೇನೋ. ಒಳಗೆ ಹೋಗಿ ಮೊಣಕೈಗೆ ಆಸರೆ ಕೊಡೋಣವೆನಿಸಿತು ಅವಳಿಗೆ.

ಆಮೇಲೆ ಬೇಡವೆನ್ನುವವರ ಸರದಿ. ಸಾಲುಸಾಲಾಗಿ ಕೈಗಳು ಎದ್ದವು. ಕಂಬಳಿಯ ಮೇಲಿನ ಎಡಗೈ ಅಲುಗಿತು. ನಡುಗುತ್ತಾ ಎದೆ ದಾಟಿ, ಗಲ್ಲ ದಾಟಿ, ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಅಷ್ಟೆತ್ತರಕ್ಕೆ ಅದು ಎಂದೂ ಹೋಗಿರಲಿಲ್ಲ. ಎಣಿಸುವವನು ಆ ಸಾಲು ಮುಗಿಸುವವರೆಗೂ ಇಳಿಯಲಿಲ್ಲ.

ಅರ್ಜಿ ಬಿದ್ದುಹೋಯಿತು. ಹೊರಗೆ ಹಿಮ ಬೀಳುತ್ತಿತ್ತು.

"ಬೇಜಾರು ಮಾಡ್ಕೋಬೇಡ," ಎಂದ ತಾತ, ಅವಳ ಮುಖ ನೋಡದೆ. "ಕಾಗದ ಕೈಗೆ ಬಂದ್ರೆ ನೀನು ಪಟ್ಟಣದ ಆಸ್ಪತ್ರೆ ಸೇರ್ಕೋತೀಯ. ಇನ್ನೆರಡು ವರ್ಷ ಬಿಟ್ಟು ಮತ್ತೆ ಅರ್ಜಿ ಹಾಕು. ಅಷ್ಟೊತ್ತಿಗೆ ನಾನಿರಲ್ಲ."

ಮೆವ್ಲಿದಾ ಅವನ ಮುಂದೆ ಮಂಡಿಯೂರಿ, ಎಡಗೈಗೆ ಉಣ್ಣೆಯ ಗವಸು ತೊಡಿಸತೊಡಗಿದಳು, ಒಂದೊಂದೇ ಬೆರಳು. ಹೆಬ್ಬೆರಳು ಸಿಕ್ಕಿಕೊಂಡಿತು. ಬಿಡಿಸಿ, ಮತ್ತೆ ಮೊದಲಿನಿಂದ ತೊಡಿಸಿದಳು.