ಅವ್ವನ ನಂಬರು

ಹೊನ್ನಾಳಿಯ ಕಲ್ಯಾಣ ಮಂಟಪದಲ್ಲಿ ಬೆಳಿಗ್ಗೆ ಎಂಟೂವರೆಗೆಲ್ಲ ಅರಿಶಿಣದ ಬಟ್ಟಲು ಸಿದ್ಧವಾಗಿತ್ತು, ಹಸೆ ಬರೆದಾಗಿತ್ತು, ಮೈಕಿನವನು ಎರಡು ಸಲ ಹಲೋ ಹಲೋ ಅಂದಾಗಿತ್ತು. ಇಲ್ಲದೇ ಇದ್ದದ್ದು ಹಾಡೊಂದೇ. ಮದುಮಗಳ ತಾಯಿ ದುರ್ಗಾಂಬಿಕಾ ಅಡುಗೆಮನೆಯ ಹಿಂದೆ, ಗ್ಯಾಸ್ ಸಿಲಿಂಡರುಗಳ ಪಕ್ಕ ನಿಂತು, ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊಬೈಲನ್ನು ಒತ್ತಿದಲ್ಲೇ ಒತ್ತುತ್ತಿದ್ದಳು. ಹಾಡಿನ ಆಪ್ ಹೇಳಿದ್ದನ್ನೇ ಹೇಳುತ್ತಿತ್ತು. ಮತ್ತೊಮ್ಮೆ ಲಾಗಿನ್ ಆಗಿ. ನಿಮ್ಮ ನೋಂದಾಯಿತ ಸಂಖ್ಯೆಗೆ ಓಟಿಪಿ ಕಳುಹಿಸಲಾಗಿದೆ.

ನೋಂದಾಯಿತ ಸಂಖ್ಯೆ ಅವಳ ತಾಯಿ ಗಾದ್ರಮ್ಮನದು. ಗಾದ್ರಮ್ಮ ಸತ್ತು ಎರಡು ವರ್ಷವಾಗಿತ್ತು. ಅಷ್ಟೇ ಆಗಿದ್ದರೆ ಏನಾದರೂ ದಾರಿ ಹುಡುಕಬಹುದಿತ್ತು. ಆ ಫೋನೂ ಗಾದ್ರಮ್ಮನ ಜೊತೆಯಲ್ಲೇ ಮಣ್ಣಿನಲ್ಲಿತ್ತು.

ನಗಬೇಡಿ. ಜಗಳೂರು ತಾಲ್ಲೂಕಿನ ಸೊಕ್ಕೆಯ ಆ ಮನೆಯವರು ತಮ್ಮವರನ್ನು ಹೂಳುವಾಗ, ಸತ್ತವರು ಆಸೆಪಟ್ಟು ಇಟ್ಟುಕೊಂಡಿದ್ದ ವಸ್ತುವೊಂದನ್ನು ಪಕ್ಕದಲ್ಲಿಟ್ಟೇ ಮಣ್ಣು ಹಾಕುವುದು. ಗಾದ್ರಮ್ಮನಿಗೆ ಎಲೆಅಡಿಕೆ ಚೀಲ ಇಟ್ಟರು. ಆಮೇಲೆ ದುರ್ಗಾಂಬಿಕಾಳ ತಮ್ಮ ಪರಶುರಾಮ್, "ಅವ್ವ ಇದನ್ನ ಬಿಟ್ಟು ಒಂದಿನ ಇದ್ದೋಳಲ್ಲ" ಎಂದು ಅಳುತ್ತಾ ಮೊಬೈಲನ್ನೂ ಇಟ್ಟ. ಅಲ್ಲಿ ನೆರೆದಿದ್ದ ಅಷ್ಟು ಜನರಲ್ಲಿ ಒಬ್ಬರಿಗಾದರೂ ಸಿಮ್ ತೆಗೆಯೋ ಮಾರಾಯ ಅನ್ನಲು ತೋಚಬೇಡವೇ? ತೋಚಲಿಲ್ಲ. ದುರ್ಗಾಂಬಿಕಾಳಿಗೂ ತೋಚಲಿಲ್ಲ.

ಗಾದ್ರಮ್ಮ ಸುತ್ತಲಿನ ಊರುಗಳಿಗೆಲ್ಲ ಸೋಬಾನೆ ಹೇಳುತ್ತಿದ್ದ ಹೆಂಗಸು. ಅವಳ ಮನೆಯ ಹೆಣ್ಣುಮಕ್ಕಳಿಗೆ ಅವಳ ಹಾಡು ಶುರುವಾಗುವ ತನಕ ಯಾರೂ ಅರಿಶಿಣ ಮುಟ್ಟಿಸುತ್ತಿರಲಿಲ್ಲ. ಆರು ವರ್ಷದ ಹಿಂದೆ ಹಾಡಿನ ಕಂಪನಿಯವರೊಬ್ಬರು ಅವಳನ್ನು ಕರೆದುಕೊಂಡು ಹೋಗಿ ಹನ್ನೆರಡು ಹಾಡು ಮುದ್ರಿಸಿಕೊಂಡರು. ಅರಿಶಿಣದ ಹಾಡಿನಲ್ಲಿ ಮದುಮಗಳ ಹೆಸರು ಬರುವ ಕಡೆ ಮುದುಕಿ ಯಾರನ್ನೂ ಕೇಳದೆ ತನ್ನ ಮೊಮ್ಮಗಳ ಹೆಸರನ್ನೇ ಸೇರಿಸಿಬಿಟ್ಟಳು. ಚೈತ್ರಶ್ರೀ ಆಗಿನ್ನೂ ಪಿಯುಸಿ ಓದುತ್ತಿದ್ದಳು. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ, "ಚೈತ್ರಿ ಮದುವೆಗೆ ನಾ ಇರಲ್ಲ ಅಂತ ಅಳಬ್ಯಾಡ್ರಿ. ಹಾಡಿಟ್ಟೀನಲ್ಲ, ಹಾಕ್ರಿ" ಅಂದಿದ್ದಳು. ದುರ್ಗಾಂಬಿಕಾ ಹಾಕಿಯೇ ಹಾಕುತ್ತೇನೆ ಎಂದು ಕೈಯಲ್ಲಿ ಕೈಯಿಟ್ಟಿದ್ದಳು.

ಆ ಹಾಡುಗಳನ್ನು ಕದ್ದು ಕೇಳಿದವರಲ್ಲ ಇವರು. ಕಂಪನಿಯ ಆಪಿನಲ್ಲಿ, ಗಾದ್ರಮ್ಮನ ನಂಬರಿನಲ್ಲೇ, ದುಡ್ಡು ಕೊಟ್ಟು ಕೊಂಡವರು. ಕೊಂಡರೇನು ಬಂತು? ಆ ಹಾಡನ್ನು ಇನ್ನೊಂದು ಫೋನಿಗೆ ಕಳಿಸಲು ಬರದು, ಪೆನ್‌ಡ್ರೈವಿಗೆ ಹಾಕಲು ಬರದು, ಆಪಿನ ಹೊರಗೆ ನುಡಿಸಲು ಬರದು. ಗಾದ್ರಮ್ಮ ಬದುಕಿದ್ದಾಗ ಅವಳ ಓಟಿಪಿ ಹಾಕಿ ದುರ್ಗಾಂಬಿಕಾ ತನ್ನ ಫೋನಿನಲ್ಲೂ ತೆರೆದುಕೊಂಡಿದ್ದಳು. ಮೊನ್ನೆ ಭಾನುವಾರ ಕೂಡ ಚೆನ್ನಾಗಿಯೇ ಹಾಡಿತ್ತು. ನಡುವೆ ಯಾವ ಪುಣ್ಯಾತ್ಮನ ಅಪ್‌ಡೇಟ್ ಬಂತೋ, ಬೆಳಿಗ್ಗೆ ತೆಗೆದು ನೋಡಿದರೆ ಬಾಗಿಲು ಹಾಕಿತ್ತು.

ಅವಳು ಮೊದಲು ಕಂಪನಿಯ ಸಹಾಯವಾಣಿಗೆ ಹಚ್ಚಿದಳು. ಒಂದು ಒತ್ತಿ, ನಾಲ್ಕು ಒತ್ತಿ, ಸಂಗೀತ ಕೇಳುತ್ತಾ ಕಾದು, ಕೊನೆಗೊಬ್ಬ ಮನುಷ್ಯ ಸಿಕ್ಕ.

"ಖಾತೆದಾರರೇ ಮಾತಾಡಬೇಕು ಮೇಡಂ."

"ಅವರು ತೀರಿಕೊಂಡಾರೆ ಕಣ್ರೀ. ಹಾಡಿರೋರೂ ಅವರೇ, ಕೊಂಡಿರೋರೂ ಅವರೇ."

"ಹಾಗಾದರೆ ಮರಣ ಪ್ರಮಾಣಪತ್ರ ಮೇಲ್ ಮಾಡಿ. ಏಳು ಕೆಲಸದ ದಿನ ಆಗುತ್ತೆ."

ಆಮೇಲೆ ಜಗಳೂರಿನ ಮೊಬೈಲ್ ಅಂಗಡಿಯ ಗುರುಸ್ವಾಮಿಗೆ ಹಚ್ಚಿದಳು. ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವವನು ಅವನು. ಅವನ ಹತ್ತಿರ ಇಲ್ಲದ ಹಾಡಿಲ್ಲ.

"ಇತ್ತಕ್ಕ, ಹನ್ನೆರಡೂ ಇದ್ವು. ಹೆಂಗೋ ಬೀಗ ಬಿಡಿಸಿ ಇಟ್ಕಂಡಿದ್ದೆ" ಅಂದ ಗುರುಸ್ವಾಮಿ. "ನಿಮ್ಮವ್ವ ಅಂಗಡಿಗೇ ಬಂದು, ನನ್ನ ಗಂಟಲೇನು ಬಿಟ್ಟಿ ಬಿದ್ದೈತೇನೋ ಅಂತ ಬಯ್ದು, ಎದುರಿಗೇ ನಿಂತು ಎಲ್ಲಾ ಡಿಲೀಟ್ ಮಾಡಿಸಿ ಹೋತು. ನೀವೂ ಜೊತೆಗೆ ಇದ್ರಲ್ಲಕ್ಕ."

ಹೌದು, ಇದ್ದಳು. ತಾಯಿಯ ಬೆನ್ನಿಗೆ ನಿಂತು ತಾನೂ ನಾಲ್ಕು ಮಾತು ಅಂದಿದ್ದಳು. ಆ ಕಳ್ಳನ ಹತ್ತಿರ ಇವತ್ತೊಂದು ಪ್ರತಿ ಉಳಿದಿದ್ದರೆ ಕಾಲಿಗೆ ಬೀಳುತ್ತಿದ್ದಳು. ನ್ಯಾಯವಾಗಿ ನಡೆದದ್ದಕ್ಕೆ ಇದೇ ಫಲವೇ ಎಂದು ಅವಳಿಗೆ ಹೊಟ್ಟೆ ಉರಿದುಹೋಯಿತು.

ಅಷ್ಟರಲ್ಲಿ ಗಂಡಿನ ಸೋದರತ್ತೆ ಕರಿಬಸಮ್ಮ ಬಾಗಿಲಲ್ಲಿ ಇಣುಕಿದಳು. ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯ ಬೀಗರು ಕೆಟ್ಟವರಲ್ಲ. ಆದರೆ ಗಡಿಯಾರ ನೋಡುವ ಜನ. "ಒಂಬತ್ತೂವರೆ ಒಳಗೆ ಅರಿಶಿಣ ಮುಗೀಬೇಕ್ರೀ, ಆಮ್ಯಾಲೆ ಹೊತ್ತು ಒಳ್ಳೇದಿಲ್ಲ. ಹಾಡು ತಾನೆ, ನಮ್ಮೋರೇ ಒಂದು ಹೇಳ್ತಾರೆ ಬಿಡ್ರಿ."

"ಹತ್ತು ನಿಮಿಷ ಅಕ್ಕ. ಬಂದೆ" ಅಂದಳು ದುರ್ಗಾಂಬಿಕಾ. ತಾನೇ ಹಾಡಿಬಿಡಲೇ ಅಂದುಕೊಂಡಳು. ಆದರೆ ಅವ್ವ ಇಟ್ಟು ಹೋದದ್ದು ಮಗಳ ದನಿಯನ್ನಲ್ಲ. ಒಳಗೆ ಚೈತ್ರಶ್ರೀ ಕಾಯುತ್ತಿದ್ದಳು. ಅಜ್ಜಿ ತನ್ನ ಹೆಸರು ಹಿಡಿದು ಕರೆಯುತ್ತಾಳೆ ಎಂದು ಗೆಳತಿಯರಿಗೆಲ್ಲ ಹೇಳಿಕೊಂಡಿದ್ದಳು. ಅವಳಿಗೆ ಹೋಗಿ ಏನೆಂದು ಹೇಳುವುದು?

ಗಂಡ ಭೀಮೇಶ್ ಬಂದು ಫೋನು ಇಸಿದುಕೊಂಡು ನೋಡಿದ. "ಅಲ್ಲ ಕಣೇ, ಓಟಿಪಿ ಕಳಿಸೀನಿ ಅಂತೈತಲ್ಲ ಇದು. ಯಾರಿಗೆ ಕಳಿಸ್ತಾ ಐತೆ?"

"ಅವ್ವಗೆ."

"ಎರಡು ವರ್ಷ ರೀಚಾರ್ಜ್ ಇಲ್ಲದ ನಂಬರನ್ನ ಅವರು ಇಟ್ಕಂಡಿರ್ತಾರಾ? ಬ್ಯಾರೆ ಯಾರಿಗೋ ಕೊಟ್ಟಿರ್ತಾರೆ. ಹಚ್ಚಿ ನೋಡು."

ಆ ನಂಬರನ್ನು ದುರ್ಗಾಂಬಿಕಾ ಅಳಿಸಿರಲಿಲ್ಲ. ಅವ್ವ ಎಂಬ ಹೆಸರಿನಲ್ಲೇ ಇತ್ತು. ತಿಥಿಯಾದ ಮೇಲೆ ಒಮ್ಮೆ ತಡೆಯಲಾರದೆ ಹಚ್ಚಿ, ಸ್ವಿಚ್ ಆಫ್ ಆಗಿದೆ ಎಂಬ ಮಾತು ಕೇಳಿ ಮೂರು ದಿನ ಊಟ ಬಿಟ್ಟಿದ್ದಳು. ಈಗ ಅದನ್ನೇ ಒತ್ತಿದಳು. ಆ ಕಡೆ ರಿಂಗಾಯಿತು.

"ಯಾರದು?" ವಯಸ್ಸಾದ ಹೆಂಗಸಿನ ದನಿ.

"ನಾನು ಸೊಕ್ಕೆಯ ಗಾದ್ರಮ್ಮನ ಮಗಳ್ರೀ. ಈ ನಂಬರು ನಮ್ಮವ್ವಂದಾಗಿತ್ತು. ಈಗ ನಿಮಗೊಂದು ಓಟಿಪಿ ಬಂದೈತಲ್ಲ..."

"ನೀನೇ ಏನು ಅದು? ಬೆಳಗ್ಗಿಂದ ಎಂಟು ಬಂದಾವೆ. ಓಟಿಪಿ ಹೇಳಿ ಒಂದ್ಸಲ ಪಿಂಚಣಿ ದುಡ್ಡು ಕಳಕಂಡೀನಿ ತಾಯಿ. ಇನ್ನು ದೇವ್ರು ಬಂದು ಕೇಳಿದ್ರೂ ಹೇಳಲ್ಲ. ಇಡು ಫೋನು."

"ಇಡಬ್ಯಾಡ್ರಿ, ನಿಮ್ಮ ಕಾಲು ಮುಗೀತೀನಿ. ನನಗೆ ದುಡ್ಡು ಬ್ಯಾಡ, ನಮ್ಮವ್ವನ ಹಾಡು ಬೇಕು. ಮಗಳು ಹಸೆ ಮ್ಯಾಲೆ ಕೂತಾಳೆ."

ಆ ಕಡೆ ಕೋಳಿ ಕೆದಕುವ ಸದ್ದು ಕೇಳಿಸಿತು.

"ಯಾವ ಹಾಡು?" ಎಂದಳು ಆ ಹೆಂಗಸು, ಈ ಸಲ ನಿಧಾನವಾಗಿ.

"ಅರಿಶಿಣದ್ದು."

"ಅದರಾಗೆ ಒಂದು ಹೆಸರು ಬರ್ತೈತೆ. ಏನು ಹೇಳು, ನೋಡಾನ."

ದುರ್ಗಾಂಬಿಕಾ ಫೋನನ್ನು ಕಿವಿಗೆ ಒತ್ತಿಕೊಂಡಳು. "ಚೈತ್ರವ್ವ" ಎಂದಳು.

"ಅಯ್ಯೋ ನಮ್ಮವ್ವ, ನೀವೇನಾ" ಅಂದಳು ಆ ಹೆಂಗಸು. ಅವಳ ಹೆಸರು ಲಕ್ಷ್ಮಕ್ಕ, ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯವಳು. ಈ ನಂಬರು ಕೊಂಡು ಒಂದು ವರ್ಷವಾಗಿತ್ತು. ಕೊಂಡಾಗಿನಿಂದ, ನಿಮ್ಮ ಹಾಡುಗಳು ಕಾಯುತ್ತಿವೆ ಎಂದು ಮೆಸೇಜು ಬರುತ್ತಲೇ ಇತ್ತು. ಏನಿರಬಹುದು ನೋಡೋಣವೆಂದು ಸೊಸೆ ಆಶಾ ತನ್ನ ದೊಡ್ಡ ಫೋನಿನಲ್ಲಿ ಆಪ್ ಹಾಕಿದ್ದಳು. ಅತ್ತೆಯ ಸಣ್ಣ ಫೋನಿಗೆ ಬಂದ ಓಟಿಪಿ ಒತ್ತಿದ್ದಳು. ಹನ್ನೆರಡು ಹಾಡೂ ಬಂದು ಕೂತಿದ್ದವು. ಅತ್ತೆ ಸೊಸೆ ಅವನ್ನು ಕೇಳುತ್ತಾ ಅಡಿಕೆ ಸುಲಿಯುತ್ತಿದ್ದರಂತೆ. "ಯಾರಪ್ಪ ಈ ಚೈತ್ರವ್ವ, ಎಷ್ಟು ಪುಣ್ಯ ಮಾಡಿದ ಹುಡುಗಿ ಅಂತ ಅಂದ್ಕಳ್ತಿದ್ವಿ" ಅಂದಳು ಲಕ್ಷ್ಮಕ್ಕ.

ದುರ್ಗಾಂಬಿಕಾಳಿಗೆ ಸಿಟ್ಟು ಬಂತು, ಅಳುವೂ ಬಂತು. ಹೆತ್ತ ಮಗಳಿಗೆ ಬೀಗ ಹಾಕಿದ ಕಂಪನಿ, ಗುರುತು ಪರಿಚಯ ಇಲ್ಲದವರಿಗೆ ತಾನೇ ಕರೆದು ಕರೆದು ಕೊಟ್ಟಿತ್ತು. "ಹಂಗಾದ್ರೆ ಓಟಿಪಿ ಹೇಳ್ತೀರಾ ಲಕ್ಷ್ಮಕ್ಕ?"

"ಅದೊಂದು ಕೇಳಬ್ಯಾಡ. ಮಗನ ಮ್ಯಾಲೆ ಆಣೆ ಮಾಡೀನಿ. ಹಾಡು ಬೇಕಾದ್ರೆ ಹಾಕಿಸ್ತೀನಿ. ಆಶಾನ ಫೋನು ಹಾಡ್ಲಿ, ನನ್ನ ಫೋನು ಅದರ ಬಾಯಿಗೆ ಹಿಡೀತೀನಿ. ನೀನು ಅಲ್ಲಿ ಮೈಕಿಗೆ ಹಿಡಿ. ಆದ್ರೆ ಆಶಾ ಅಡಿಕೆ ಶೆಡ್ಡಿಗೆ ಹೋಗ್ಯಾಳೆ, ಫೋನೂ ಅವಳತ್ರನೇ ಐತೆ. ಓಡಿ ಹೋಗಿ ನಾನೇ ಹಚ್ತೀನಿ, ನೀನು ಇಡು."

ಫೋನು ಕಟ್ಟಾಯಿತು. ಗಂಟೆ ಒಂಬತ್ತು ಹತ್ತು.

ಎಪ್ಪತ್ತರ ಮೇಲಿನ ದನಿ ಅದು. ಎಷ್ಟು ಓಡೀತು? ಶೆಡ್ಡು ಎಷ್ಟು ದೂರವೋ, ಸೊಸೆಯ ಫೋನಿನಲ್ಲಿ ಚಾರ್ಜ್ ಇದೆಯೋ ಇಲ್ಲವೋ, ಅಲ್ಲೂ ಅಪ್‌ಡೇಟ್ ಬಂದು ಬಾಗಿಲು ಹಾಕಿದ್ದರೆ? ದುರ್ಗಾಂಬಿಕಾ ಹಸೆಯ ಹತ್ತಿರ ಹೋಗಿ ಮೈಕನ್ನು ಇಸಿದುಕೊಂಡು ನಿಂತಳು. ಚೈತ್ರಶ್ರೀ ತಲೆಯೆತ್ತಿ ತಾಯಿಯ ಮುಖ ನೋಡಿ, ಏನೂ ಕೇಳದೆ ತಲೆ ತಗ್ಗಿಸಿದಳು. ಕೇಳಿದ್ದರೇ ವಾಸಿಯಿತ್ತು. ಒಂಬತ್ತು ಹದಿನೇಳು. ಒಂಬತ್ತು ಇಪ್ಪತ್ತೆರಡು. ಒಂದೆರಡು ಸಲ ತಾನೇ ಹಚ್ಚಲು ಹೋಗಿ, ಅದೇ ಹೊತ್ತಿಗೆ ಆ ಕಡೆಯಿಂದಲೂ ಹಚ್ಚಿದರೆ ಎಂಗೇಜ್ ಬಂದೀತೆಂದು ಬಿಟ್ಟಳು.

ಕರಿಬಸಮ್ಮ ಬಟ್ಟಲಿಗೆ ಕೈಹಾಕಿದಳು. "ಸಾಕು ಕಣಮ್ಮ, ನಾನು ಶುರು ಮಾಡ್ತೀನಿ."

ಆಗ ಫೋನು ಗುಂಯ್‌ಗುಟ್ಟಿತು. ಪರದೆಯ ಮೇಲೆ ಹೆಸರು ಮೂಡಿತು. ಅವ್ವ.

ಪಕ್ಕದಲ್ಲಿದ್ದ ಪರಶುರಾಮ್ ಅದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಕರಿಬಸಮ್ಮನೂ ಬಗ್ಗಿ ಓದಿದಳು, ಬಟ್ಟಲಿನಿಂದ ಕೈ ತೆಗೆದಳು. ದುರ್ಗಾಂಬಿಕಾ ಸ್ಪೀಕರ್ ಒತ್ತಿ ಫೋನನ್ನು ಮೈಕಿನ ಬಾಯಿಗೆ ಹಿಡಿದಳು.

ಮೊದಲು ಬರೀ ಗರಗರ. ಯಾರದೋ ಏದುಸಿರು. ಆಮೇಲೆ ಮಂಟಪದ ನಾಲ್ಕೂ ಸ್ಪೀಕರ್ ಪೆಟ್ಟಿಗೆಗಳಿಂದ ಗಾದ್ರಮ್ಮನ ದನಿ ಎದ್ದಿತು. ಒಡೆದಿತ್ತು, ದೂರದಲ್ಲಿತ್ತು, ನಡುನಡುವೆ ಕೋಳಿ ಕೂಗುತ್ತಿತ್ತು, ಆದರೂ ಅವಳದೇ ದನಿ.

*ಹಸೆಮ್ಯಾಲೆ ಕೂರು ಬಾರೆ, ಮುಖವೆತ್ತಿ ನೋಡು ಬಾರೆ, ನನ್ನ ಮನೆಯ ಚೈತ್ರವ್ವ...*

ಚೈತ್ರಶ್ರೀ ಮುಖವೆತ್ತಿದಳು. ಕೆನ್ನೆಯ ಮೇಲೆ ಹರಿಯುತ್ತಿದ್ದ ನೀರನ್ನು ಒರೆಸಿಕೊಳ್ಳಲಿಲ್ಲ. ಕರಿಬಸಮ್ಮ ತಾನು ಮುಂದೆ ಬರದೆ, ಸೊಕ್ಕೆಯ ಹೆಂಗಸರನ್ನೇ ಮುಂದೆ ಬಿಟ್ಟಳು. ಅವರು ಒಬ್ಬೊಬ್ಬರಾಗಿ ಹುಡುಗಿಯ ಕೆನ್ನೆಗೆ, ಕೈಗೆ, ಪಾದಕ್ಕೆ ಅರಿಶಿಣ ಹಚ್ಚಿದರು. ದುರ್ಗಾಂಬಿಕಾಳ ಎರಡು ಕೈಯೂ ಫೋನು ಮತ್ತು ಮೈಕಿನಲ್ಲೇ ಇದ್ದವು. ಕೈ ಸೋತರೂ ಅವಳು ಯಾರಿಗೂ ಕೊಡಲಿಲ್ಲ.

ಹಾಡು ಮುಗಿಯಿತು. ಫೋನು ಇಡಲು ಯಾರಿಗೂ ನೆನಪಾಗಲಿಲ್ಲ. ಗರಗರ ಸದ್ದಿನ ನಡುವೆ ಮುದಿ ದನಿಯೊಂದು ಇಡೀ ಮಂಟಪಕ್ಕೆ ಕೇಳಿಸಿತು.

"ಕೇಳಿಸ್ತೇನವ್ವ? ಹುಡುಗಿಗೆ ಅರಿಶಿಣ ಹಚ್ಚಿದ್ರಾ?"

ಉತ್ತರ ಕೊಡಬೇಕಾದವಳು ದುರ್ಗಾಂಬಿಕಾಳೇ. ಪರದೆಯ ಮೇಲಿನ ಹೆಸರು ನೋಡಿಕೊಂಡೇ ಹೇಳಿದಳು.

"ಹಚ್ಚಿದ್ವಿ ಅವ್ವ."