ಸೊನ್ನೆಯಲ್ಲ, ಖಾಲಿ

“ಸ್ವಲ್ಪ ಓರೆ ಮಾಡಿ, ಓರೆ! ಗೋಡೆಗೆ ತಾಗ್ತಿದೆ.”

ಎರಡನೇ ಮಹಡಿಯ ತಿರುವಿನಲ್ಲಿ ಮೇಷ್ಟ್ರ ದೇಹವಿದ್ದ ಸ್ಟ್ರೆಚರ್ ಸಿಕ್ಕಿಕೊಂಡಿತ್ತು. ಲಿಫ್ಟು ಕೆಟ್ಟು ವಾರವಾಗಿತ್ತು. ಕೆಳಗಡೆ ಹಿಡಿದವರು ಮೇಷ್ಟ್ರ ತಮ್ಮ ಮತ್ತು ವ್ಯಾನಿನ ಡ್ರೈವರು; ಮೇಲ್ಗಡೆ ಈ ವರ್ಷದ ವಿದ್ಯಾರ್ಥಿಯೊಬ್ಬ ಮತ್ತು ಹನ್ನೆರಡು ವರ್ಷದ ಹಿಂದಿನ ಶಿಷ್ಯೆ. ಮಾತುಮಾತಿಗೂ ಪ್ರಶ್ನೆ ಎತ್ತುತ್ತಿದ್ದಳೆಂದು ಮೇಷ್ಟ್ರೇ ಅವಳಿಗೆ ‘ತಕರಾರು’ ಎಂದು ಹೆಸರಿಟ್ಟಿದ್ದರು. ಈಗ ಬೇರೊಂದು ಊರಿನಲ್ಲಿ ಅವಳದೂ ಪಾಠ ಹೇಳುವ ಕೆಲಸವೇ. ಇಡೀ ದಾರಿ ಬಸ್ಸಿನಲ್ಲಿ ಕೂತು ಸೊಂಟ ಹಿಡಿದುಕೊಂಡಿತ್ತು.

“ಜೀವಮಾನವಿಡೀ ಕಪ್ಪೆ ಎಣಿಸಿದ,” ಎಂದ ತಮ್ಮ ಏದುಸಿರು ಬಿಡುತ್ತ. “ಅವು ನಿನ್ನನ್ನ ಯಾವತ್ತಾದ್ರೂ ಎಣಿಸ್ತಾವೇನೋ ಅಂತ ರೇಗಿಸ್ತಿದ್ದೆ.”

ವಿದ್ಯಾರ್ಥಿ ನಕ್ಕುಬಿಟ್ಟು, ತಕ್ಷಣ ತಲೆ ತಗ್ಗಿಸಿದ. ತಕರಾರು ನಗಲಿಲ್ಲ. ಮೇಲೆ ಬಾಗಿಲಲ್ಲಿ ನಿಂತ ಮೇಷ್ಟ್ರ ಹೆಂಡತಿಯ ಕಣ್ಣು ತನ್ನ ಬೆನ್ನ ಮೇಲೇ ಇದೆ ಎಂದು ಅವಳಿಗೆ ಗೊತ್ತಿತ್ತು.

*

ಕಾಡುಮೇಡು ಅಲೆದು ತಂದ ಲೆಕ್ಕವನ್ನು ಕಂಪ್ಯೂಟರಿಗೆ ಹೇಗೆ ಕೊಡಬೇಕು, ಅದು ಹೇಳಿದ್ದನ್ನು ಎಷ್ಟು ನಂಬಬೇಕು ಎಂದು ಸಂಶೋಧನಾ ವಿದ್ಯಾರ್ಥಿಗಳಿಗೆ ಕಲಿಸುವುದು ಮೇಷ್ಟ್ರ ಕೆಲಸ. ಅವರಿಗೆ ಹೆಸರು ತಂದದ್ದು ಒಂದೇ ಪ್ರಬಂಧ: ಹನ್ನೊಂದು ಜೌಗುಗಳಲ್ಲಿ ಒಂದು ಜಾತಿಯ ಪುಟ್ಟ ಕಪ್ಪೆ ಅಳಿದುಹೋಗಿದೆ ಎಂಬುದು. ಹನ್ನೆರಡು ವರ್ಷದ ಹಿಂದೆ, ಆ ಲೆಕ್ಕ ಹಾಕಿದ ಪ್ರೋಗ್ರಾಮನ್ನೇ ಮೇಷ್ಟ್ರು ಅಭ್ಯಾಸಕ್ಕೆಂದು ಹೊಸದಾಗಿ ಬರೆಯಲು ಕೊಟ್ಟಾಗ ತಕರಾರಿನ ಉತ್ತರ ತಾಳೆಯಾಗಲಿಲ್ಲ. ಮೂರು ದಿನ ಹುಡುಕಿದಳು. ಲೆಕ್ಕದ ಪಟ್ಟಿಯಲ್ಲಿ ಯಾರೂ ಜೌಗಿಗೆ ಹೋಗದ ದಿನಗಳ ಚೌಕಗಳು ಖಾಲಿಯಿದ್ದವು; ಮೇಷ್ಟ್ರ ಪ್ರೋಗ್ರಾಮು ಅವನ್ನೆಲ್ಲ ಸೊನ್ನೆ ಎಂದು ಓದಿಕೊಂಡಿತ್ತು.

“ಸರ್, ಇದು ಕಪ್ಪೆ ಇಲ್ಲ ಅಂತಲ್ಲ. ನಾವು ನೋಡೋಕೇ ಹೋಗಿಲ್ಲ ಅಂತ.”

ಮೇಷ್ಟ್ರು ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದರು. ಎರಡು ಸಲ ಓದಿದರು.

“ಯಾರಿಗಾದ್ರೂ ಹೇಳಿದ್ಯಾ?”

“ಇಲ್ಲ ಸರ್. ಹೇಳೋದೂ ಇಲ್ಲ.”

“ಹೇಳಲ್ಲ ಅಂದ್ರೆ? ನಾನು ಕಲಿಸಿದ್ದು ಇದನ್ನೇನಾ?” ಅವರು ಹಾಳೆ ಮಡಚಿ ಜೇಬಿಗಿಟ್ಟರು. “ಹೋಗು, ಊಟ ಮಾಡು. ನಾನೇ ಬರೀತೀನಿ ಪತ್ರಿಕೆಯವರಿಗೆ.”

ಪತ್ರಿಕೆ ಆ ಪ್ರಬಂಧವನ್ನು ಹಿಂತೆಗೆದುಕೊಂಡಿತು. ಕೈಗೆ ಬಂದಂತಿದ್ದ ವಿಭಾಗದ ಮುಖ್ಯಸ್ಥರ ಕುರ್ಚಿ ಬೇರೆಯವರ ಪಾಲಾಯಿತು. ಅಂದಿನಿಂದ, ನಿವೃತ್ತಿಯಾಗಿ ಪುಕ್ಕಟೆ ಪಾಠ ಹೇಳುತ್ತಿದ್ದಾಗಲೂ, ಪ್ರತಿ ವರ್ಷದ ಮೊದಲ ತರಗತಿಗೆ ಮೇಷ್ಟ್ರು ಹಲಗೆಯ ಮೇಲೆ ತಮ್ಮ ತಪ್ಪನ್ನೇ ಬರೆಯುತ್ತಿದ್ದರು.

*

ಸ್ಮಶಾನದಲ್ಲಿ ಎಲ್ಲ ಮುಗಿದು ವಾಪಸು ವ್ಯಾನು ಹತ್ತುವಾಗ ಉಳಿದದ್ದು ಒಂದೇ ಜಾಗ, ಮೇಷ್ಟ್ರ ಹೆಂಡತಿಯ ಪಕ್ಕ. ತಕರಾರು ಮುದುಡಿ ಕೂತಳು.

“ಆ ಹುಡುಗಿ ನೀನೇ ಅಲ್ವಾ?”

“ಹೌದಮ್ಮ.”

“ನಿನ್ನ ಮೇಲೆ ಎಂಥಾ ಸಿಟ್ಟಿತ್ತು ಗೊತ್ತಾ? ಅವಳು ಬಾಯಿ ಮುಚ್ಕೊಂಡು ಇರಬಾರದಿತ್ತಾ ಅಂತ ಇವರ ಮುಖಕ್ಕೇ ಅಂದಿದ್ದೆ. ಎರಡು ದಿನ ನನ್ನ ಹತ್ರ ಮಾತು ಬಿಟ್ಟಿದ್ರು.”

“ನನಗೂ ಎಷ್ಟೋ ಸಲ ಹಾಗೇ ಅನ್ನಿಸಿದೆ.”

ಆಕೆ ತಿರುಗಿ ಅವಳನ್ನು ದಿಟ್ಟಿಸಿದರು. ಕಣ್ಣ ಸುತ್ತ ಕಪ್ಪಿಟ್ಟಿತ್ತು. “ನಾಲ್ಕು ತಿಂಗಳು ಆಸ್ಪತ್ರೆ ಕುರ್ಚಿ ಮೇಲೇ ಮಲಗಿದ್ದು. ಇನ್ನು ಸಿಟ್ಟು ಮಾಡೋಕೂ ತ್ರಾಣ ಇಲ್ಲ.” ಹಿಂದಿನ ಸೀಟಿನಲ್ಲಿದ್ದ ವಿದ್ಯಾರ್ಥಿಗಳತ್ತ ಕೈ ತೋರಿಸಿದರು. “ಈ ಮಕ್ಕಳ ಪಾಠ ಅರ್ಧಕ್ಕೇ ನಿಂತಿದೆ. ಆರು ಜನ.”

“ರಜ ಹಾಕ್ತೀನಮ್ಮ. ಸೋಮವಾರದಿಂದ ನಾನೇ ತಗೋತೀನಿ.”

ಆಕೆ ಸೆರಗು ಹೊದ್ದು ಸೀಟಿಗೆ ಒರಗಿದರು. ಸಿಗ್ನಲ್ ದಾಟುವಷ್ಟರಲ್ಲಿ ಆಕೆಯ ತಲೆ ವಾಲಿ ತಕರಾರಿನ ಹೆಗಲಿಗೆ ಬಂತು. ಬಾಯಿ ಅರೆತೆರೆದು ಸಣ್ಣಗೆ ಗೊರಕೆ ಶುರುವಾಯಿತು.

ಮನೆ ಬಂತು. ವ್ಯಾನು ನಿಂತಿತು. ಬಾಗಿಲು ತೆಗೆಯಲು ಬಂದ ತಮ್ಮ ಒಳಗೆ ನೋಡಿ, ಹಿಡಿಯ ಮೇಲಿಟ್ಟ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. ತಕರಾರಿನ ತೋಳು ಜೋಮು ಹಿಡಿದಿತ್ತು. ಅವಳು ಅಲುಗಾಡಲಿಲ್ಲ.