ಹರಿಗೋಲಿನಲ್ಲಿ ನಿಂತ ಸೊಸೆ

ನನ್ನ ಹರಿಗೋಲಿನ ಕಾಯಿದೆ ಬಹಳ ಇಲ್ಲ. ಒಬ್ಬೊಬ್ಬರಾಗಿ ಹತ್ತಬೇಕು. ಮೊದಲ ಹೆಜ್ಜೆಯನ್ನು ನಡುವೆ ಇಡಬೇಕು. ಕಂಬಳಿ ಹೊದ್ದವರು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಳ್ಳಬೇಕು, ಏಕೆಂದರೆ ತೊಯ್ದ ಕಂಬಳಿ ಈಜು ಬಲ್ಲವನನ್ನೂ ಬಿಡುವುದಿಲ್ಲ. ಕೂತವರು ಆಚೆ ದಂಡೆ ಮುಟ್ಟುವ ತನಕ ಏಳಬಾರದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವ ಮಂದಿ, ದಾಟುವ ತನಕವಾದರೂ ಅಂಬಿಗನ ಮಾತು ಕೇಳಬೇಡವೇ? ಕೇಳುವುದಿಲ್ಲ. ಅದಕ್ಕೇ ನನಗೆ ಸಿಟ್ಟಿನ ದ್ಯಾವಪ್ಪ ಎಂದು ಹೆಸರು ಬಿದ್ದದ್ದು.

ರಜಾಕಾರರ ಹಾವಳಿಯ ವರ್ಷ ಭೀಮೆಯಲ್ಲಿ ಒಬ್ಬನನ್ನು ಕಳೆದುಕೊಂಡೆ. ಊರು ಬಿಟ್ಟು ಓಡುತ್ತಿದ್ದವನು ನಡುನೀರಿನಲ್ಲಿ ಎದ್ದು ನಿಂತು ತನ್ನ ಮನೆಯ ಕಡೆ ನೋಡಿದ. ಅವನು ಮಾಡಿದ ತಪ್ಪು ಅಷ್ಟೇ. ಅಂದಿನಿಂದ ಹರಿಗೋಲಿನಲ್ಲಿ ಯಾರೇ ಎದ್ದರೂ ನನ್ನ ಬಾಯಿ ಕೆಡುತ್ತದೆ.

ಈಗ ಹೇಳುತ್ತಿರುವುದು ನಿಜಾಮನ ಅಮಲು ಹೋಗಿ ಎರಡು ವರ್ಷವಾದ ಮೇಲಿನ ಮಾತು. ಭಾದ್ರಪದ ಮಾಸ, ಭೀಮೆ ಎರಡೂ ದಂಡೆ ತುಂಬಿ ಹರಿಯುತ್ತಿತ್ತು. ದಂಡೆಯ ಮೇಲಿದ್ದ ಉರ್ದು ಫಲಕ ಕಿತ್ತು ಹೊಸ ಸರ್ಕಾರದವರು ಕನ್ನಡದ್ದು ನೆಟ್ಟಿದ್ದರು. ಉರ್ದು ಶಾಲೆಯಲ್ಲಿ ನಾಲ್ಕು ಇಯತ್ತೆ ಕಲಿತ ನಾನು ಕನ್ನಡ ಅಕ್ಷರ ಕಲಿತದ್ದು ಆ ಫಲಕ ನೋಡಿಯೇ. ಎಂಟು ಮಂದಿಗಿಂತ ಹೆಚ್ಚು ಹತ್ತಬಾರದು ಎಂದು ಬರೆದಿತ್ತು. ಸೊಸೆಯಂದಿರ ವಿಷಯ ಏನೂ ಇರಲಿಲ್ಲ.

ಬೆಳಿಗ್ಗೆ ಶಿರವಾಳದ ಕಡೆಯಿಂದ ಒಂದು ಬಂಡಿ ಬಂತು. ಜಗದೇವಪ್ಪಗೌಡರು ಇಳಿದರು, ಹಿಂದೆ ಅವರ ಸೊಸೆ ಕಲ್ಯಾಣಮ್ಮ. ಚೊಚ್ಚಲ ಬಸುರಿ, ಏಳು ತಿಂಗಳು ತುಂಬಿತ್ತು. ಆಕೆಯ ತವರು ಆಚೆ ದಂಡೆಗೆ, ಯಾದಗಿರಿಯ ಕಡೆಗೆ. ಗಂಡ ಕಲಬುರ್ಗಿಯಲ್ಲಿ ನೌಕರಿಗೆ ಸೇರಿದ್ದ, ರಜೆ ಸಿಕ್ಕಿರಲಿಲ್ಲ. ಹೀಗಾಗಿ ಬಾಣಂತನಕ್ಕೆ ಬಿಟ್ಟುಬರಲು ಮಾವನೇ ಹೊರಟಿದ್ದರು. ಬಳೆ ಮಾರುವ ಚಮನಬೀಯೂ ಬುಟ್ಟಿ ಹಿಡಿದು ಹತ್ತಿದಳು.

ಗೌಡರು ಕೂತರು, ಚಮನಬೀ ಕೂತಳು. ಕಲ್ಯಾಣಮ್ಮ ಸೆರಗು ಮುಂದೆಳೆದುಕೊಂಡು, ಮುಖ ಆಚೆ ತಿರುಗಿಸಿ ನಿಂತಳು.

"ಕೂಡ್ರವ್ವ," ಎಂದೆ. ಆಕೆ ಕದಲಲಿಲ್ಲ.

"ಮಾವ ಕುಂತಲ್ಲಿ ಸೊಸಿ ಹ್ಯಾಂಗ ಕೂಡ್ತಾಳೋ ದ್ಯಾವಪ್ಪಣ್ಣ?" ಎಂದು ಚಮನಬೀ ನಕ್ಕಳು.

"ಆಕಿ ನಿಂತೇ ಬರ್ತಾಳ," ಎಂದರು ಗೌಡರು. "ನಮ್ಮ ಮನ್ಯಾಗ ಹೆಣ್ಮಕ್ಕಳು ಹಿರ್ಯಾರ ಮುಂದ ಕೂಡಂಗಿಲ್ಲ. ನೀ ನಡಸು."

"ಇದು ನಿಮ್ಮ ಮನಿ ಅಲ್ರಿ ಗೌಡ್ರ, ಎಮ್ಮಿ ಚರ್ಮದ ಹರಿಗೋಲು. ಇದಕ್ಕ ಮಾವ ಯಾರು, ಸೊಸಿ ಯಾರು ತಿಳಿಯಂಗಿಲ್ಲ. ಭಾರ ಅಷ್ಟ ತಿಳೀತದ."

"ನಿನ್ನ ಬಾಯಿ ಭಾಳ ಆತು."

ನಾನು ಹುಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತೆ. ಪಡುವಣ ದಿಕ್ಕಿಗೆ ಮೋಡ ಕಟ್ಟುತ್ತಿತ್ತು. ಹೆಂಗಸರಿಬ್ಬರನ್ನು ಮೊದಲು ದಾಟಿಸಿ ಬರುತ್ತೇನೆ ಎಂದೆ. ಸೊಸೆಯನ್ನು ಒಬ್ಬಳನ್ನೇ ಕಳಿಸಿದರೆ ಬೀಗರು ಏನಂದಾರು ಎಂದು ಗೌಡರು ಅದಕ್ಕೂ ಒಪ್ಪಲಿಲ್ಲ. ಕಡೆಗೆ ನನಗೊಂದು ಉಪಾಯ ಹೊಳೆಯಿತು.

"ಗೌಡ್ರ, ನೀವು ಆ ಕಡಿ ಮಾರಿ ಮಾಡಿ ಕೂಡ್ರಿ. ನೀವು ನೋಡದಿದ್ರ ಆಕಿ ಕುಂತಂಗ ಅಲ್ಲ."

ಗೌಡರು ಸ್ವಲ್ಪ ಹೊತ್ತು ಮೀಸೆ ತಿರುವಿ, ಬೆನ್ನು ತಿರುಗಿಸಿ ಕೂತರು. ಕಲ್ಯಾಣಮ್ಮ ಕಳವು ಮಾಡುವವರ ಹಾಗೆ ಮೆಲ್ಲಗೆ ಕೂತಳು. ನನಗೆ ನಾನೇ ಶಹಬ್ಬಾಸ್ ಕೊಟ್ಟುಕೊಂಡು ಹುಟ್ಟು ಹಾಕಿದೆ. ಹೊಳೆಯಲ್ಲಿ ಅಂಥ ಶಹಬ್ಬಾಸ್ ಒಳ್ಳೆಯದಲ್ಲ.

ನಡುನೀರಿಗೆ ಬಂದಾಗ ಸೆಳವು ಜೋರಾಯಿತು. ಹರಿಗೋಲು ಒಂದು ಸುತ್ತು ತಿರುಗಿತು. ಕಲ್ಯಾಣಮ್ಮ ಸೊಂಟಕ್ಕೆ ಕೈ ಕೊಟ್ಟು ಸಣ್ಣಗೆ ನರಳಿದಳು. ಗೌಡರು ಒರಟರು, ಕೆಟ್ಟವರಲ್ಲ. ತಟ್ಟನೆ ಹಿಂದಿರುಗಿ ನೋಡಿ ಕೇಳಿದರು:

"ಏನಾತ ಯವ್ವಾ? ನೀರ ಬೇಕೇನು?"

ಕಲ್ಯಾಣಮ್ಮ ಎದ್ದು ನಿಂತಳು.

ಯೋಚಿಸಿ ಎದ್ದದ್ದಲ್ಲ. ಮದುವೆಯಾದಂದಿನಿಂದ ಆ ಮುಖ ಕಂಡಾಗಲೆಲ್ಲ ಎದ್ದ ಕಾಲುಗಳು, ಈಗಲೂ ತಾವಾಗಿಯೇ ಎದ್ದವು. ಹರಿಗೋಲು ವಾಲಿತು. ಸೆರಗು ಹಿಡಿದಿದ್ದ ಕೈಗೆ ಬೇರೆ ಆಸರೆ ಸಿಗದೆ ಆಕೆ ಹಿಂದಕ್ಕೆ ನೀರಿಗೆ ಬಿದ್ದಳು.

ಚಮನಬೀ ಬುಟ್ಟಿ ಎಸೆದು ಸೆರಗಿನ ತುದಿ ಹಿಡಿದಳು. ಬಳೆಗಳೆಲ್ಲ ಹೊಳೆಯ ಪಾಲಾದವು. ಗೌಡರು ಸೊಸೆಯ ಹೆಸರು ಹಿಡಿದು ಕೂಗುತ್ತ ನಮ್ಮ ಕಡೆಗೇ ನುಗ್ಗಿದರು. ಬಿದ್ದವರನ್ನು ಎತ್ತಲು ಎಲ್ಲರೂ ಒಂದೇ ಕಡೆಗೆ ಬರುವುದು, ಎಲ್ಲರೂ ಮುಳುಗುವುದು, ಎರಡೂ ಒಂದೇ. ಆಗಲೇ ಅಂಚಿನ ಮೇಲೆ ನೀರು ಬರತೊಡಗಿತ್ತು.

"ಕೂಡ್ರಲೇ ಗೌಡ!" ಎಂದು ಕಿರುಚಿದೆ. "ಆ ಕಡಿ ಅಂಚಿಗೆ ಹೋಗಿ ಕೂಡ್ರು! ಈ ಕಡಿ ಬಂದ್ರ ಯಾರೂ ಉಳ್ಯಂಗಿಲ್ಲ!"

ಅವರ ಜನ್ಮದಲ್ಲಿ ಯಾರೂ ಅವರನ್ನು ಹಾಗೆ ಕರೆದಿರಲಿಕ್ಕಿಲ್ಲ. ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ತೆವಳಿಕೊಂಡು ಹೋಗಿ ಆಚೆ ಅಂಚಿಗೆ ಬೆನ್ನು ಕೊಟ್ಟು ಕೂತರು. ವಂಶದ ಕುಡಿ ನೀರಿನಲ್ಲಿದೆ, ತಾವು ಕೈ ಕಟ್ಟಿಕೊಂಡು ಭಾರವಾಗಿ ಕೂತಿರಬೇಕು. ಅವರು ಕಣ್ಣು ಮುಚ್ಚಿ "ಬಸವಾ, ಬಸವಾ" ಎನ್ನುತ್ತಿದ್ದರು.

ನಾನು ಹುಟ್ಟು ಚಾಚಿದೆ. ಆಕೆ ಹಿಡಿದಳು. ಹೊಟ್ಟೆ ಅಂಚಿಗೆ ಒತ್ತಬಾರದೆಂದು ಆಕೆಯ ಬೆನ್ನನ್ನು ಅಂಚಿಗೆ ತಿರುಗಿಸಿ, ಕಂಕುಳಲ್ಲಿ ಕೈ ಹಾಕಿ, ಚಮನಬೀಯೂ ನಾನೂ ಒಟ್ಟಿಗೆ ಎಳೆದೆವು. ಗೌಡರ ಭಾರ ಆ ಕಡೆ ಇರದಿದ್ದರೆ ಹರಿಗೋಲು ನಮ್ಮ ಮೇಲೆಯೇ ಬೋರಲು ಬೀಳುತ್ತಿತ್ತು. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಕಲ್ಯಾಣಮ್ಮ ತಳದಲ್ಲಿ ಮಲಗಿ ನೀರು ಕಾರಿದಳು. ಚಮನಬೀ ಆಕೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡಿದಳು.

"ಕೂಸು ಒದ್ಯಾಕತ್ತದ!" ಎಂದಳು ಚಮನಬೀ.

ಗೌಡರು ಮಗುವಿನ ಹಾಗೆ ಅತ್ತರು. ನನಗೂ ಅಳು ಬಂತು, ಮುಚ್ಚಿಡುವುದೇಕೆ?

ಆಚೆ ದಂಡೆಯಲ್ಲಿ ಕಲ್ಯಾಣಮ್ಮನ ಅಪ್ಪ ಶಾಂತಪ್ಪ ಬಂಡಿ ಹೂಡಿಕೊಂಡು ಕಾಯುತ್ತಿದ್ದರು. ಮಗಳ ಸ್ಥಿತಿ ನೋಡಿ ಗಾಬರಿಯಾಗಿ ಓಡಿಬಂದು ಕಂಬಳಿ ಹೊದಿಸಿದರು. ಈಗ ಗೌಡರು ನನ್ನ ಕೊರಳಪಟ್ಟಿಗೆ ಕೈ ಹಾಕುತ್ತಾರೆ ಎಂದು ನಾನು ಕಾದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಬಿಳಿ ಧೋತರದಲ್ಲೇ ಹಸಿ ಮರಳಿನ ಮೇಲೆ ಕೂತು, ಸೊಸೆಯನ್ನು ಕರೆದರು.

"ಯವ್ವಾ, ಬಾ. ನನ್ನ ಎದುರಿಗೆ ಕೂಡ್ರು."

ಆಕೆ ಅಪ್ಪನ ಮುಖ ನೋಡಿದಳು. ಶಾಂತಪ್ಪ ಎರಡೂ ಕೈ ಜೋಡಿಸಿದರು. "ಬ್ಯಾಡ್ರಿ ಬೀಗರ. ನನ್ನ ಮಗಳನ್ನ ನಾ ಹಂಗ ಬೆಳಸಿಲ್ಲ."

"ನಾನೂ ಹಂಗ ಇಟ್ಟುಕೊಂಡಿಲ್ರಿ. ಅದಕ್ಕ ಹೊಳಿಗೆ ಬಿದ್ದಾಳ. ದಂಡಿ ಮ್ಯಾಲ ಕೂಡಾಕ ಬರದಾಕಿ ನೀರಾಗ ಹ್ಯಾಂಗ ಕೂಡ್ತಾಳ? ಮನಿಗೆ ಹೊಳ್ಳಿ ಬರೂವಾಗ ಆಕಿ ಕೈಯಾಗ ಕೂಸಿರ್ತದ."

ಗೌಡರು ಬೆನ್ನು ತಿರುಗಿಸಿದರು, ಆಕೆ ಕೂತಳು. ಅವರು ಕೆಮ್ಮಿ ಆಕೆಯ ಕಡೆ ತಿರುಗಿದರು, ಆಕೆ ಎದ್ದಳು.

"ಮತ್ತ ಕೂಡ್ರು."

ಎರಡನೆಯ ಸಲ ಅರ್ಧ ಎದ್ದು, ತಪ್ಪಾಯಿತೆಂದು ಅತ್ತಳು. ಅವರಿಗೂ ಅದು ಸುಲಭವಿರಲಿಲ್ಲ, ಹಣೆ ಬೆವರುತ್ತಿತ್ತು. ಮೂರನೆಯ ಸಲ ಕೆಮ್ಮಿ, ತಿರುಗಿ, ಆಕೆಯ ಮುಖವನ್ನೇ ನೋಡುತ್ತ ಕೇಳಿದರು:

"ಏನಾತ ಯವ್ವಾ? ನೀರ ಬೇಕೇನು?"

ಕಲ್ಯಾಣಮ್ಮ ಎರಡೂ ಮುಷ್ಟಿಯಲ್ಲಿ ಮರಳು ಹಿಡಿದು ಕೂತೇ ಇದ್ದಳು.

"ಬೇಕ್ರಿ ಮಾವಾರ," ಎಂದಳು.

ಬಂಡಿಯಲ್ಲಿದ್ದ ತಂಬಿಗೆ ತರಲು ಗೌಡರೇ ಎದ್ದು ಹೋದರು.